ಮನೆಯ ಫೋಟೊ ಮನೆಯಲ್ಲೇ ಇರಲಿ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ನಿಮಗೆ ಗೊತ್ತಿರಬಹುದು. ಅಮ್ಮಾಜಾನ್ ಬಾವಾಜಾನ್ ದರ್ಗಾ ಇರುವ ಊರು. ಅಲ್ಲಿ ನನ್ನ ತಂಗಿಯ ಮನೆ. ಅವಳ ಮಗಳು ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ನಾನೂ ಅಲ್ಲೇ ಇದ್ದೆ. ನಾಲ್ಕು ಗಂಟೆಗೆ ಬಸ್ಸು. ಮದುವೆಯ ಫೋಟೊಗಳೆಲ್ಲ ಅಣ್ಣನ ಲ್ಯಾಪ್‌ಟಾಪಿನಲ್ಲಿ. ಅವಳ ಲ್ಯಾಪ್‌ಟಾಪಿಗೆ ಹೋಗಬೇಕು. ಬೆಳಗಿನಿಂದ ಇಂಟರ್ನೆಟ್ ಇಲ್ಲ. ಪೆನ್‌ಡ್ರೈವ್ ಮದುವೆ ಗಲಾಟೆಯಲ್ಲಿ ಎಲ್ಲಿ ಸೇರಿತೋ!

“ಚಿಂತಾಮಣೀಲಿ ಅಂಗಡಿಗೆ ಕೊಟ್ಟು ಹಾಕಿಸ್ಕೊಂಡು ಬರ್ತೀನಿ ಬಿಡಮ್ಮ” ಎಂದು ಹುಡುಗ ಎದ್ದ. ತಂಗಿ ತಡೆದಳು. “ಅರಿಶಿನದ ದಿನದ ಹೆಣ್ಮಕ್ಕಳ ಫೋಟೊ ಎಲ್ಲ ಅದರಲ್ಲಿದೆ ಕಣೋ. ಅಲ್ಲಿ ಒಂದು ಉಳಿದುಬಿಟ್ಟರೆ ಯಾರನ್ನ ಕೇಳೋಣ?”

ಅವಳ ಭಯ ಸುಳ್ಳಲ್ಲ, ನೀವೇ ಹೇಳಿ. ಆಗ ಮದುಮಗಳೇ ನಕ್ಕು, “ದೊಡ್ಡಮ್ಮ, ವೈ-ಫೈ ಬೇರೆ, ಇಂಟರ್ನೆಟ್ ಬೇರೆ” ಎಂದಳು. ಇಷ್ಟು ದಿನ ನಾನು ಎರಡೂ ಒಂದೇ ಅಂದುಕೊಂಡಿದ್ದೆ!

ವೈ-ಫೈ ಎಂದರೆ ರೇಡಿಯೋ ಅಲೆ, ಅಷ್ಟೆ. ಪಕ್ಕದ ಮನೆಯವರ ಜೊತೆ ಕಾಂಪೌಂಡಿನ ಮೇಲೆ ಮಾತಾಡಲು ಟೆಲಿಫೋನ್ ಬೇಕೇ? ಹಾಗೆಯೇ ಒಂದೇ ಕೋಣೆಯ ಎರಡು ಕಂಪ್ಯೂಟರ್‌ಗಳಿಗೆ ರೂಟರ್ ಇರಲೇಬೇಕೆಂದಿಲ್ಲ. 1997ರಲ್ಲಿ ವೈ-ಫೈಗೆ ನಿಯಮ ಬರೆದಾಗಲೇ ನೇರ ಸಂಪರ್ಕಕ್ಕೂ ಜಾಗವಿತ್ತು. ಅದರ ಹೆಸರು ಆಡ್-ಹಾಕ್. ವಿಂಡೋಸ್ 7ರವರೆಗೆ ಅದಕ್ಕೆ ಸುಲಭದ ಮೆನು ಇತ್ತು. 2012ರ ವಿಂಡೋಸ್ 8ರಲ್ಲಿ ತೆಗೆದುಹಾಕಿದರು. ಈಗಿನ ದಾರಿ ಬೇರೆ. ಹುಡುಗಿ ಮಾಡಿ ತೋರಿಸಿದ್ದನ್ನು ಬರೆದುಕೊಳ್ಳಿ (ವಿಂಡೋಸ್ 10 ಮತ್ತು 11ಕ್ಕೆ):

1. ಆಂಡ್ರಾಯ್ಡ್ ಫೋನಿನಲ್ಲಿ ಮೊಬೈಲ್ ಡೇಟಾ ಆರಿಸಿ, ಹಾಟ್‌ಸ್ಪಾಟ್ ಹಾಕಿ. ರೂಟರ್ ಕೆಲಸವನ್ನು ಫೋನೇ ಮಾಡುತ್ತದೆ. ಡೇಟಾ ಖರ್ಚಿಲ್ಲ.

2. ಎರಡು ಲ್ಯಾಪ್‌ಟಾಪುಗಳನ್ನೂ ಅದೇ ಹಾಟ್‌ಸ್ಪಾಟಿಗೆ ಸೇರಿಸಿ. ‘ಇಂಟರ್ನೆಟ್ ಇಲ್ಲ’ ಎಂದು ತೋರಿಸುತ್ತದೆ, ಗಾಬರಿಯಾಗಬೇಡಿ. ನೆಟ್‌ವರ್ಕನ್ನು ‘ಪ್ರೈವೇಟ್’ ಎಂದು ಆರಿಸಿ.

3. ಎರಡರಲ್ಲೂ ಬ್ಲೂಟೂತ್ ಹಾಕಿ. ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ಒಳಗೆ ‘ನಿಯರ್‌ಬೈ ಶೇರಿಂಗ್’ ಇದೆ; ಅದರಲ್ಲಿ ‘ಎವ್ರಿವನ್ ನಿಯರ್‌ಬೈ’ ಆರಿಸಿ.

4. ಫೋಟೊಗಳನ್ನು ಹತ್ತಿಪ್ಪತ್ತರಂತೆ ಆರಿಸಿ, ಮೌಸ್‌ನ ಬಲಗುಂಡಿ ಒತ್ತಿ, ‘ಶೇರ್’ನಲ್ಲಿ ಇನ್ನೊಂದು ಲ್ಯಾಪ್‌ಟಾಪಿನ ಹೆಸರು ಒತ್ತಿ. ಅಲ್ಲಿ ‘ಸೇವ್’ ಎಂದರೆ ಆಯಿತು.

ಫೋನೂ ಇಲ್ಲವೇ? ಬ್ಲೂಟೂತ್ ಒಂದರಿಂದಲೇ ಹೋಗುತ್ತದೆ, ನಡುವೆ ಯಾರೂ ಬೇಡ. ಆದರೆ ಎತ್ತಿನ ಗಾಡಿಯ ವೇಗ. ನಾಲ್ಕಾರು ಫೋಟೊಗಳಿಗೆ ಸರಿ. ಎರಡೂ ಆಪಲ್ ಕಂಪ್ಯೂಟರ್‌ಗಳಾದರೆ ‘ಏರ್‌ಡ್ರಾಪ್’ ನೇರವಾಗಿ ಕಳಿಸುತ್ತದೆ.

ಕೆಲವು ಎಚ್ಚರಿಕೆಯ ಮಾತುಗಳು:

ಹಾಟ್‌ಸ್ಪಾಟಿಗೆ ಪಾಸ್‌ವರ್ಡ್ ಇಲ್ಲದಿರುವುದು, ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಕನಿಷ್ಠ ಎಂಟು ಅಕ್ಷರ ಬೇಕು; 12345678 ಮಾತ್ರ ಬೇಡಮ್ಮ! ರೇಡಿಯೋ ಅಲೆಗೆ ಗೋಡೆ ಅಡ್ಡಿಯಲ್ಲ, ಬೀದಿಗೂ ಕೇಳುತ್ತದೆ.

ಗೊತ್ತಿಲ್ಲದ ಹೆಸರಿನಿಂದ ಏನಾದರೂ ಬಂದರೆ ‘ಡಿಕ್ಲೈನ್’ ಒತ್ತಿ. ಕೆಲಸ ಮುಗಿದ ಕೂಡಲೇ ಹಾಟ್‌ಸ್ಪಾಟ್, ಶೇರಿಂಗ್ ಎರಡನ್ನೂ ಆರಿಸಿ. ಒಲೆ ಆರಿಸದೆ ಅಡುಗೆಮನೆ ಬಿಟ್ಟು ಹೋಗುತ್ತೀರಾ?

ಇದಕ್ಕೆಂದು ಸಿಕ್ಕಸಿಕ್ಕ ಆಪ್ ಹಾಕಿಕೊಳ್ಳಬೇಡಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಫೈಲು ಕಳಿಸುವ ಶೇರ್‌ಇಟ್, ಕ್ಸೆಂಡರ್ ಕೂಡ ಇದ್ದವು.

ಅಂದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಫೋಟೊಗಳೆಲ್ಲ ಬಂದು ಕೂತಿದ್ದವು. ತಂಗಿ ತನ್ನ ಕೈಯಲ್ಲೇ ಕೊನೆಯ ಕಂತು ಕಳಿಸಿದಳು. “ಇಷ್ಟೇನಾ ಅಕ್ಕ! ಇದಕ್ಕೆ ನಾನು ಎಷ್ಟು ಸಲ ಅಂಗಡಿಗೆ ಕೊಟ್ಟಿದ್ದೀನಿ” ಎಂದಳು.

ಮುಂದಿನ ಸಲ ಮಕ್ಕಳು ರಜಕ್ಕೆ ಬಂದಾಗ ನೀವೂ ಪಕ್ಕದಲ್ಲಿ ಕೂತು ಕಲಿತುಕೊಳ್ಳಿ. ಅವರು ಮಾಡಿಕೊಟ್ಟರೆ ಅಂದಿನ ಕೆಲಸ ಆಗುತ್ತದೆ. ನೀವು ಕಲಿತರೆ ಮನೆಯ ಗುಟ್ಟು ಮನೆಯಲ್ಲೇ ಉಳಿಯುತ್ತದೆ.