ಋತುವಿನ ನಡುವೆ ಬದಲಾದ ಆಟ

ಕ್ರಿಕೆಟ್ ಎಂದರೆ ಊಟ, ನಿದ್ದೆ ಬಿಟ್ಟು ಕೂರುವವರು ನಾವು. ಆದರೆ ಬೇ ಏರಿಯಾಕ್ಕೆ ಬಂದು ಮಕ್ಕಳಾದ ಮೇಲೆ ಶನಿವಾರ ಬೆಳಗಾದರೆ ಮಡಚುವ ಕುರ್ಚಿ, ಹೋಳು ಮಾಡಿದ ಕಿತ್ತಳೆ ಹಣ್ಣು ಹೊತ್ತು ಸಾಕರ್ ಮೈದಾನಕ್ಕೆ ಓಡುತ್ತೇವೆ. ಹಾಗೆ ಓಡುತ್ತಲೇ ನನಗೂ ಈ ಆಟದ ಹುಚ್ಚು ಹತ್ತಿತು. ಅದನ್ನು ಹೆಚ್ಚಿಸಿದವರು 2019ರಲ್ಲಿ ಆರು ತಿಂಗಳು ನಮ್ಮಲ್ಲಿಗೆ ಬಂದಿದ್ದ ಅಪ್ಪ.

ಅಪ್ಪ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆಯ ತಂಡದ ಪಂದ್ಯವಿದ್ದರೆ ಸೈಕಲ್ ತುಳಿದುಕೊಂಡು ಹೋಗಿ ನೋಡುತ್ತಿದ್ದರಂತೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಒಂದು ಗೋಲ್ ಹೊಡೆದ ರಾಮನ್ ನಮ್ಮ ಬೆಂಗಳೂರಿನವರು ಎಂಬುದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಇಂಥವರನ್ನು ಮನೆಯಲ್ಲೇ ಕೂರಿಸುವುದು ಹೇಗೆ? ಸ್ಯಾನ್ ಹೋಸೆ ಅರ್ಥ್‌ಕ್ವೇಕ್ಸ್ ತಂಡದ ಆಟ ತೋರಿಸಲು ಕರೆದುಕೊಂಡು ಹೋದೆ. ವಿಮಾನ ನಿಲ್ದಾಣದ ಪಕ್ಕದಲ್ಲಿರುವ, ಈಗ ಪೇಪಾಲ್ ಪಾರ್ಕ್ ಎನ್ನುವ ಆ ಮೈದಾನಕ್ಕೆ ಆಗ ಅವಾಯಾ ಸ್ಟೇಡಿಯಂ ಎಂದು ಹೆಸರು. ಜೊತೆಗೆ ಒಂಬತ್ತು ವರ್ಷದ ಮಗಳು.

ಅಂದು ಮಾರ್ಚ್ 30. ಎದುರಾಳಿ ಲಾಸ್ ಏಂಜಲೀಸ್ ಎಫ್‌ಸಿ. ನಮ್ಮವರು 0-5 ಅಂತರದಲ್ಲಿ ಸೋತರು! ಅದು ಋತುವಿನ ಸತತ ನಾಲ್ಕನೆಯ ಸೋಲು. ಹಿಂದಿನ ವರ್ಷ, 2018ರಲ್ಲಿ, 34 ಪಂದ್ಯಗಳಲ್ಲಿ ಗೆದ್ದದ್ದು ಬರೀ ನಾಲ್ಕು. ತಂಡವನ್ನು ಮೇಲೆತ್ತಲು ಅರ್ಜೆಂಟೀನಾದ ಮಟಿಯಾಸ್ ಅಲ್ಮೇಡಾ ಅವರನ್ನು ತರಬೇತುದಾರರಾಗಿ ಕರೆತಂದಿದ್ದರು. ಮೆಕ್ಸಿಕೋದ ಚೀವಾಸ್ ತಂಡಕ್ಕೆ 2018ರಲ್ಲಿ ಖಂಡದ ಚಾಂಪಿಯನ್ ಪಟ್ಟ ಗಳಿಸಿಕೊಟ್ಟವರು ಅವರು.

"ಇದೇನೋ ಇದು, ಪ್ರತಿಯೊಬ್ಬನೂ ಒಬ್ಬೊಬ್ಬನ ಬೆನ್ನು ಹತ್ತಿದಾನೆ! ನಮ್ಮ ಕಾಲದ ಆಟ ಕಣೋ" ಎಂದು ಅಪ್ಪ ಕುರ್ಚಿಯ ತುದಿಗೆ ಬಂದರು.

ಅವರು ಹೇಳಿದ್ದು ಸರಿಯಾಗಿತ್ತು. ಈಗಿನ ಬಹುತೇಕ ತಂಡಗಳಲ್ಲಿ ಆಟಗಾರನಿಗೆ ಕಾಯಲು ಒಂದು ಜಾಗ ಕೊಡುತ್ತಾರೆ. ಆ ಜಾಗಕ್ಕೆ ಯಾರು ಬಂದರೂ ತಡೆಯುವುದು ಅವನ ಕೆಲಸ. ಅಲ್ಮೇಡಾ ಜಾಗದ ಬದಲು ಒಬ್ಬ ಎದುರಾಳಿಯನ್ನೇ ವಹಿಸುತ್ತಿದ್ದರು. ಅವನು ಎಲ್ಲಿಗೆ ಹೋದರೂ ನೆರಳಿನಂತೆ ಹಿಂಬಾಲಿಸಬೇಕು. ಚೆಂಡು ಸಿಕ್ಕಿದ ಮೇಲೆ ದೂರಕ್ಕೆ ಒದೆಯದೆ, ಹಿಂದಿನಿಂದಲೇ ಸಣ್ಣ ಸಣ್ಣ ಪಾಸ್‌ಗಳಲ್ಲಿ ಮುಂದೆ ತರಬೇಕು. ಒಬ್ಬ ತಪ್ಪಿಸಿಕೊಂಡರೆ ಮುಗಿಯಿತು, ಇಡೀ ಕೋಟೆಯ ಬಾಗಿಲು ತೆರೆದಂತೆ. ಮೊದಲ ನಾಲ್ಕು ಪಂದ್ಯಗಳಲ್ಲಿ ಆದದ್ದು ಅದೇ.

ಅಲ್ಮೇಡಾ ಪದ್ಧತಿಯನ್ನು ಬಿಡಲಿಲ್ಲ. ಅದಕ್ಕೆ ಆಟಗಾರರು ಒಗ್ಗಿಕೊಂಡರು, ಆಡುವವರ ಜೋಡಣೆಯೂ ಬದಲಾಯಿತು. ಏಪ್ರಿಲ್ 6ರಂದು ಪೋರ್ಟ್‌ಲ್ಯಾಂಡ್ ವಿರುದ್ಧ 3-0 ಗೆಲುವು ಬಂತು. ನಡುಮೈದಾನದಲ್ಲಿ ಬ್ರೆಜಿಲ್‌ನ ಜುಡ್ಸನ್ ಓಡಾಡಿ ಚೆಂಡು ಕಸಿಯುವುದು, ಜಾಕ್ಸನ್ ಯೂಲ್ ಎಂಬ ಹುಡುಗ ಆತುರಪಡದೆ ಅದನ್ನು ಹಂಚುವುದು, ರೆಕ್ಕೆಯಿಂದ ಕ್ರಿಸ್ಟಿಯನ್ ಎಸ್ಪಿನೋಜಾ ಗೋಲಿನ ಮುಂದಕ್ಕೆ ಚೆಂಡು ತೂರುವುದು: ಹೀಗೆ ಆಟಕ್ಕೊಂದು ಲಯ ಬಂತು. "ಚೆಂಡು ನಮ್ಮ ಹತ್ತಿರ ಇದ್ದಷ್ಟು ಹೊತ್ತೂ ಬೆನ್ನು ಹತ್ತೋ ಕೆಲಸ ಇಲ್ಲ. ಅದೇ ವಿಶ್ರಾಂತಿ" ಎಂದು ಅಪ್ಪ ವಿವರಿಸಿದರು. ಚೆಂಡನ್ನು ಇಟ್ಟುಕೊಳ್ಳುವುದೂ ಒಂದು ರಕ್ಷಣೆ ಎಂದು ನನಗೆ ಹೊಳೆದದ್ದು ಆಗಲೇ.

ಆದರೆ ಈ ಹೊಸ ಜೋಡಣೆಯಲ್ಲಿ ಒಬ್ಬರು ಬೆಂಚಿಗೆ ಸರಿದಿದ್ದರು. ಕ್ರಿಸ್ ವಂಡೊಲೌಸ್ಕಿ! ನಮ್ಮ ಡ್ಯಾನ್‌ವಿಲ್‌ನಲ್ಲೇ ಹುಟ್ಟಿದವರು, ಎಲ್ಲರ ಪ್ರೀತಿಯ ‘ವಾಂಡೋ’. ವಯಸ್ಸು 36. ಲೀಗ್‌ನಲ್ಲಿ 144 ಗೋಲ್ ಹೊಡೆದಿದ್ದರು. ಲ್ಯಾಂಡನ್ ಡೊನೊವನ್ ಅವರ 145ರ ದಾಖಲೆಗೆ ಒಂದೇ ಒಂದು ಬಾಕಿ. ಆದರೆ ಋತು ಶುರುವಾಗಿ ತಿಂಗಳುಗಳೇ ಕಳೆದರೂ ಆ ಒಂದು ಗೋಲ್ ಬರಲಿಲ್ಲ. ಅವರ ಜಾಗದಲ್ಲಿ ಆಡುತ್ತಿದ್ದವರು ನೆದರ್‌ಲ್ಯಾಂಡ್ಸ್‌ನ ಡ್ಯಾನಿ ಹೂಸೆನ್.

ಇದೇ ಹೊತ್ತಿಗೆ ನಮ್ಮ ಮನೆಯಲ್ಲೂ ಒಂದು ಪ್ರಕರಣ. ಮಗಳ ತಂಡದ ಕೋಚ್ ಅವಳನ್ನು ಮುಂಚೂಣಿಯಿಂದ ತೆಗೆದು ಹಿಂದೆ ನಿಲ್ಲಿಸಿದರು. ಮೊದಲ ಅರ್ಧ ಬೆಂಚು ಬೇರೆ. ಕಾರಿನಲ್ಲಿ ಬರುವಾಗ ಒಂದೇ ಅಳು. "ತಾತಾ, ನಾನು ಸಾಕರ್ ಬಿಟ್ಟುಬಿಡ್ತೀನಿ." ನಾನು ಕೋಚ್‌ಗೆ ಇ-ಮೇಲ್ ಬರೆಯಲು ಲ್ಯಾಪ್‌ಟಾಪ್ ತೆರೆದೇಬಿಟ್ಟೆ. ಅಪ್ಪ ಅದನ್ನು ಮುಚ್ಚಿಸಿದರು. "ಪುಟ್ಟಿ, ಆ ವಾಂಡೋ ಏನು ಮಾಡ್ತಾನೆ ನೋಡೋಣ. ಆಮೇಲೆ ಬಿಡುವೆಯಂತೆ" ಎಂದರು.

ಮೇ 18. ಶಿಕಾಗೋ ಫೈರ್ ವಿರುದ್ಧದ ಪಂದ್ಯ. ವಾಂಡೋ ಆರಂಭದಿಂದಲೇ ಕಣಕ್ಕಿಳಿದರು. ಒಂದು ಗೋಲ್, ದಾಖಲೆ ಸಮ. ಎರಡು, ದಾಖಲೆ ಧೂಳೀಪಟ. ಮೂರು, ನಾಲ್ಕು! 4-1ರ ಗೆಲುವಿನಲ್ಲಿ ನಾಲ್ಕೂ ಅವರದೇ. ಅಪ್ಪ ಪಕ್ಕದ ಮೆಕ್ಸಿಕನ್ ಅಜ್ಜನನ್ನು ತಬ್ಬಿಕೊಂಡಿದ್ದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು!

ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. ಬೇಸಿಗೆಯಲ್ಲಿ ಮೇಲೇರಿದ ತಂಡ ಕೊನೆಯ ಆರು ಪಂದ್ಯಗಳನ್ನು ಸತತವಾಗಿ ಸೋತು, ಪಶ್ಚಿಮ ವಿಭಾಗದಲ್ಲಿ ಎಂಟನೆಯದಾಯಿತು. ಮುಂದಿನ ಸುತ್ತಿಗೆ ಏಳು ತಂಡಗಳಿಗಷ್ಟೇ ಅವಕಾಶ. ವರ್ಷವಿಡೀ ಬೆನ್ನು ಹತ್ತಿ ಓಡುವ ಆಟ ಕಾಲುಗಳನ್ನು ಬಸವಳಿಸುತ್ತದೆ ಎಂಬುದು ನನ್ನ ಲೆಕ್ಕ. ವಾಂಡೋ ಮಾತ್ರ ಆ ವರ್ಷ 15 ಗೋಲ್ ಹೊಡೆದರು. 2021ರಲ್ಲಿ 171 ಗೋಲ್‌ಗಳೊಂದಿಗೆ ನಿವೃತ್ತರಾದರು.

2023ರ ಮಾರ್ಚ್‌ನಲ್ಲಿ ಒಂದು ದಿನ ಬೆಂಗಳೂರಿನಿಂದ ಅಪ್ಪನ ಫೋನ್. "ಪುಟ್ಟಿಗೆ ಕೊಡು" ಎಂದರು. ಬೆಂಗಳೂರು ಎಫ್‌ಸಿ ತಂಡವೂ ಋತುವಿನ ಮೊದಲರ್ಧದಲ್ಲಿ ಮುಗ್ಗರಿಸಿತ್ತು. ಆಮೇಲೆ ಕೋಚ್ ಸೈಮನ್ ಗ್ರೇಸನ್ ಮುಂಚೂಣಿಯಲ್ಲಿ ರಾಯ್ ಕೃಷ್ಣ ಜೊತೆ ಯುವಕ ಶಿವಶಕ್ತಿಯನ್ನು ಆಡಿಸಿ, 38ರ ಸುನಿಲ್ ಛೇತ್ರಿಯನ್ನು ಬೆಂಚಿನಲ್ಲಿ ಕೂರಿಸಿದ್ದರು. ತಂಡ ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದಿತು. ಮುಂಬೈ ವಿರುದ್ಧದ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಬೆಂಚಿನಿಂದ ಎದ್ದು ಬಂದ ಛೇತ್ರಿಯ ತಲೆಯಿಂದಲೇ ಗೆಲುವಿನ ಗೋಲ್! "ನಮ್ಮೂರಿಗೂ ಒಬ್ಬ ವಾಂಡೋ ಸಿಕ್ಕಿದ ಪುಟ್ಟಿ" ಎಂದು ಅಪ್ಪ ನಗುತ್ತಿದ್ದರು. ಫೈನಲ್‌ನಲ್ಲಿ ತಂಡ ಪೆನಾಲ್ಟಿಗಳಲ್ಲಿ ಸೋತಾಗ ಮತ್ತೆ ಫೋನ್ ಮಾಡಲಿಲ್ಲ. ನಾವೇ ಮಾಡಿ ಸಮಾಧಾನ ಹೇಳಬೇಕಾಯಿತು.

ಅಂದ ಹಾಗೆ, ಪುಟ್ಟಿ ಸಾಕರ್ ಬಿಡಲಿಲ್ಲ. ಮುಂಚೂಣಿಗೂ ವಾಪಸಾಗಲಿಲ್ಲ. ಇಂದಿಗೂ ಡಿಫೆಂಡರ್. ಎದುರಾಳಿಯ ಬೆನ್ನಿಗೆ ಅವಳು ಅಂಟಿಕೊಂಡಾಗಲೆಲ್ಲ ನನಗೆ ಕುರ್ಚಿಯ ತುದಿಗೆ ಬಂದು ಕೂತ ಅಪ್ಪನ ನೆನಪಾಗುತ್ತದೆ. ನಾನು ಕೋಚ್‌ಗೆ ಬರೆಯಹೊರಟಿದ್ದ ಆ ಇ-ಮೇಲ್? ಡ್ರಾಫ್ಟ್‌ನಲ್ಲೇ ಇದೆ, ಬಿಡಿ!