ಬ್ಯಾಂಕಿನ ವಕೀಲರು ಯಾರ ವಕೀಲರು?



ಹೊಲ ಕೊಳ್ಳುವಾಗ ನಾವು ಮೊದಲು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತೇವೆ. ಎರೆಯೋ ಮಸಾರಿಯೋ, ಬದು ಗಟ್ಟಿಯಿದೆಯೋ, ಹಳ್ಳದ ನೀರು ಯಾವ ಕಡೆ ಹರಿಯುತ್ತದೆ, ಎಲ್ಲವನ್ನೂ ವಿಚಾರಿಸುತ್ತೇವೆ. ಆದರೆ ಕಾಗದಪತ್ರದ ಮಾತು ಬಂದಾಗ, 'ಬ್ಯಾಂಕಿನ ವಕೀಲರು ನೋಡಿದ್ದಾರೆ, ಇನ್ನೇನು ಚಿಂತೆ' ಎಂದು ಸುಮ್ಮನಾಗುತ್ತೇವೆ. ಎಡವುವುದು ಇಲ್ಲಿಯೇ.

2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಜರ್ವ್ ಬ್ಯಾಂಕು ವಿಧಿಸಿದೆ. ಅದಕ್ಕೂ ಮೇಲ್ಪಟ್ಟ ಸಾಲಕ್ಕೆ, ಹೊಲ ಇಲ್ಲವೆ ಮನೆ ಕೊಳ್ಳುವ ಸಾಲಕ್ಕೆ ಆಸ್ತಿಯನ್ನು ಒತ್ತೆ ಇಡಬೇಕಾಗುತ್ತದೆ. ಆಗ ಬ್ಯಾಂಕು ತಾನು ಒಪ್ಪಿದ ವಕೀಲರ ಪಟ್ಟಿಯಿಂದ ಒಬ್ಬರಿಗೆ ಕಾಗದ ಕಳಿಸುತ್ತದೆ. ಶುಲ್ಕ ಕೊಡುವವರು ಸಾಮಾನ್ಯವಾಗಿ ನೀವು. ಆದರೆ ಅಭಿಪ್ರಾಯ ಬರೆದುಕೊಡುವುದು ಬ್ಯಾಂಕಿಗೆ. ಸಾಲಕ್ಕೆ ಭದ್ರತೆ ಸಾಕೇ ಎಂಬುದಷ್ಟೇ ಅವರ ಮುಂದಿನ ಪ್ರಶ್ನೆ. ಹತ್ತು ವರ್ಷದ ನಂತರ ನಿಮ್ಮ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತೇ ಎಂಬುದು ನಿಮ್ಮ ಪ್ರಶ್ನೆ. ಎರಡೂ ಒಂದೇ ಅಲ್ಲ.

ವಕೀಲರು ತಪ್ಪಿದರೆ?

ಹೈದರಾಬಾದಿನ ಗೃಹಸಾಲದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದ್ದು ಇದು: ಬ್ಯಾಂಕಿನ ಪಟ್ಟಿಯ ವಕೀಲರು ಕೊಟ್ಟ ಅಭಿಪ್ರಾಯ ತಪ್ಪಾಯಿತೆಂಬ ಮಾತ್ರಕ್ಕೆ ಅವರು ಅಪರಾಧಿಯಲ್ಲ, ಒಳಸಂಚಿಗೆ ಸಾಕ್ಷ್ಯ ಬೇಕು. 2024ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಕೀಲರ ಸೇವೆ ಗ್ರಾಹಕ ಕಾಯ್ದೆಯ ಅಡಿ ಬರುವುದಿಲ್ಲವೆಂದೂ ತೀರ್ಪಿತ್ತಿತು. ದುರ್ನಡತೆಯ ದೂರಿಗೆ ರಾಜ್ಯ ವಕೀಲರ ಪರಿಷತ್ತು ಉಂಟು, ನಷ್ಟಕ್ಕೆ ಸಿವಿಲ್ ದಾವೆ ಉಂಟು. ಆದರೆ ಹೊಲ ಹೋದ ಮೇಲೆ ಆ ದಾರಿ ಬಹಳ ಉದ್ದ. ಮೊದಲೇ ಎಚ್ಚರವಿರುವುದು ಲೇಸು.

ಆಯ್ಕೆ ಹೇಗೆ?

ಮೊದಲು ಶಾಖೆಯ ಮ್ಯಾನೇಜರರನ್ನು ಕೇಳಿ: ನಿಮ್ಮ ಪಟ್ಟಿಯಲ್ಲಿ ಯಾರಿದ್ದಾರೆ, ಅವರಲ್ಲಿ ನಾನು ಆರಿಸಬಹುದೇ? ಒಂದು ಬ್ಯಾಂಕಿನ ಪಟ್ಟಿಯಲ್ಲಿದ್ದವರು ಇನ್ನೊಂದರಲ್ಲಿ ಇರಲಿಕ್ಕಿಲ್ಲ. ಇದನ್ನು ತಿಳಿಯದೆ ಹೊರಗಿನ ವಕೀಲರಿಗೆ ಹಣ ತೆತ್ತರೆ, ಅದೇ ಕೆಲಸಕ್ಕೆ ಎರಡು ಸಲ ಶುಲ್ಕ ಕೊಡಬೇಕಾದೀತು.

ಆರಿಸಲು ಅವಕಾಶವಿದ್ದರೆ ನಿಮ್ಮ ತಾಲ್ಲೂಕಿನ ಜಮೀನು ದಾವೆ ನಡೆಸಿದವರನ್ನು ನೋಡಿ. ಕುಂದಗೋಳ, ನವಲಗುಂದದ ಹಳೆಯ ಉತಾರ, ವರ್ದಿ, ವಾಟ್ನಿಪತ್ರ ಓದಿ ರೂಢಿಯಿದ್ದವರು ಬೇಕು. ಮಾರುವವನ ವಕೀಲರೂ ಬೇಡ, ದಲ್ಲಾಳಿ ತೋರಿಸಿದವರೂ ಬೇಡ. ಶುಲ್ಕವನ್ನು ಮುಂಚೆಯೇ ಕೇಳಿ, ರಸೀದಿ ಪಡೆಯಿರಿ. ವರದಿಯ ಒಂದು ಪ್ರತಿ ಬೇಕೆಂದು ಬ್ಯಾಂಕಿಗೆ ಅರ್ಜಿ ಕೊಡಿ.

ವ್ಯವಹಾರ ದೊಡ್ಡದಿದ್ದರೆ, ಕಾಗದವನ್ನು ನಿಮ್ಮ ಸ್ವಂತ ವಕೀಲರಿಗೂ ಒಮ್ಮೆ ತೋರಿಸಿ. ಕೈಯಲ್ಲಿ ಹಣವಿಲ್ಲವೆಂದು ಹಿಂಜರಿಯಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಸಲಹೆ ಉಂಟು.

ವಕೀಲರಿಗೆ ಕೇಳಬೇಕಾದ ಪ್ರಶ್ನೆಗಳು

1. ಪಹಣಿಯ 11ನೆಯ ಕಾಲಮ್ಮಿನಲ್ಲಿ ಹಳೆಯ ಬೋಜಾ ಇದೆಯೇ? ಸೊಸೈಟಿ ಸಾಲ ತೀರಿದ್ದರೂ ಬೋಜಾ ಕಡಿಮೆ ಮಾಡಿಸದೆ ಬಿಟ್ಟವರು ಬಹಳ.

2. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ 30 ವರ್ಷದ ಋಣಭಾರ ಪತ್ರ ತೆಗೆಸಿದ್ದೀರಾ? ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ವಾಟ್ನಿ ಅದರಲ್ಲಿ ಬರುವುದಿಲ್ಲ.

3. ಅಕ್ಕತಂಗಿಯರ ಹಕ್ಕು ಏನಾಗಿದೆ? ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಾಟ್ನಿಗೆ ಇದರ ಬಾಧೆಯಿಲ್ಲ.

4. ಇದು ಸರಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನೇ? 1978ರ ಕಾಯ್ದೆಯಂತೆ ಸರಕಾರದ ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. ಜಮೀನು ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ.

5. ಕೋರ್ಟಿನಲ್ಲಿ ದಾವೆ ಇದೆಯೇ? ದಾವೆ ನಡೆದಿರುವಾಗ ಕೊಂಡವನು ಅದರ ತೀರ್ಪಿಗೆ ಬದ್ಧನಾಗುತ್ತಾನೆ.

ಒಂದು ಉದಾಹರಣೆ ನೋಡಿ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ 4 ಎಕರೆಯನ್ನು ನೀವು ಸಾಲ ಮಾಡಿ ಕೊಂಡಿರೆಂದು ತಿಳಿಯಿರಿ. ಪಹಣಿಯಲ್ಲಿ ಅಣ್ಣನೊಬ್ಬನ ಹೆಸರು, ಋಣಭಾರ ಪತ್ರ ಶುದ್ಧ. ಮೂರನೆಯ ವರ್ಷ ತಂಗಿ ಪಾಲು ಕೇಳಿ ದಾವೆ ಹೂಡಿದರೆ ಹೊಲ ಕೈಬಿಟ್ಟೀತು. ಸಾಲದ ಕಂತು ಮಾತ್ರ ನಿಲ್ಲದು. ಬ್ಯಾಂಕು ವಸೂಲಿಗೆ ನಿಮ್ಮ ಬಾಗಿಲಿಗೇ ಬರುತ್ತದೆ.

ಕಡೆಯದಾಗಿ, ಬ್ಯಾಂಕಿಗೆ ಕೊಡುವ ಮೂಲ ಕಾಗದಗಳಿಗೆಲ್ಲ ಪಟ್ಟಿ ಮಾಡಿಸಿ, ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿರಿ. ಗೃಹಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಮರಳಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಬೀಜ ಆರಿಸಿ ಬಿತ್ತುವ ಕೈ ನಮ್ಮದು. ವಕೀಲರನ್ನೂ ಹಾಗೆಯೇ ಆರಿಸೋಣ. ಸಹಿ ಮಾಡುವ ಮುನ್ನ ಒಂದು ವಾರ ತಡವಾದರೆ ಹಂಗಾಮು ತಪ್ಪುವುದಿಲ್ಲ. ಹೊಲವೇ ತಪ್ಪಿದರೆ ಹಂಗಾಮು ಯಾತಕ್ಕೆ?