ಅಷ್ಟಮಿಯ ಇಳಿತಕ್ಕೆ ಬೇಲಾಪುರದ ಖಾಡಿ

ಬೇಲಾಪುರಕ್ಕೆ ಚಿತ್ರ ಬರೆಯಲು ಹೊರಡುವವರು ಮುಂಬಯಿಯ ಹಾರ್ಬರ್ ಲೈನಿನ ವೇಳಾಪಟ್ಟಿಗಿಂತ ಮೊದಲು ನೋಡಬೇಕಾದದ್ದು ಮನೆಯ ಗೋಡೆಯಲ್ಲಿ ತೂಗುವ ಪಂಚಾಂಗವನ್ನು. ಇದನ್ನು ನಾನು ಕಲಿತದ್ದು ಒಂದು ಬೆಳಗನ್ನು ಕಳೆದುಕೊಂಡು.

ಹುಣ್ಣಿಮೆಯ ಮರುದಿನದ ಭಾನುವಾರ. ನೆರೂಳ, ವಾಶಿ, ಡೊಂಬಿವಲಿಗಳಿಂದ ಬಂದ ನಾವು ಏಳೆಂಟು ಕನ್ನಡಿಗರು, ಜೊತೆಗೆ ಮೂವರು ಮಕ್ಕಳು, ಬೆಳಗ್ಗೆ ಏಳಕ್ಕೆಲ್ಲ ದಿವಾಳೆ ಕೋಳಿವಾಡವೆಂಬ ಮೀನುಗಾರರ ಕೇರಿಯ ದಡದಲ್ಲಿದ್ದೆವು. ಕಡಲು ಒಳಚಾಚಿದ ಈ ಖಾಡಿ ನದಿಯಂತೆ ತುಂಬಿ ಹರಿಯುತ್ತಿರುತ್ತದೆಂದುಕೊಂಡಿದ್ದೆವು, ಸಿಕ್ಕಿದ್ದು ಬರೀ ಕೆಸರು. ಸರಿ, ಕೆಸರನ್ನೇ ಬರೆಯೋಣವೆಂದು ಕುಳಿತೆವು. ಬಣ್ಣ ಕಲಸಿ ತಲೆ ಎತ್ತುವಷ್ಟರಲ್ಲಿ ನೀರು ನುಗ್ಗತೊಡಗಿತ್ತು. ಹತ್ತು ಗಂಟೆಯ ಹೊತ್ತಿಗೆ ಮಕ್ಕಳು ಬರೆದಿದ್ದ ಕೆಸರೂ ಇಲ್ಲ, ಅದರ ಮೇಲೆ ಒರಗಿದ್ದ ದೋಣಿಯೂ ಇಲ್ಲ. ಬಲೆ ಹೆಣೆಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡಿ, ಇವತ್ತು ‘ಉಧಾನ್’, ಚಿತ್ರ ಬರೆಯುವವರು ‘ಭಾಂಗ್’ ಇರುವ ದಿನ ಬರಬೇಕು ಎಂದರು.

ಉಧಾನ್ ಎಂದರೆ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಭರತ. ಸೂರ್ಯ ಚಂದ್ರರ ಸೆಳೆತ ಆಗ ಒಂದೇ ಗೆರೆಯಲ್ಲಿ ಸೇರಿರುತ್ತದೆ. ಅಷ್ಟಮಿಯ ಸುತ್ತ ಆ ಸೆಳೆತಗಳು ಅಡ್ಡವಾಗಿ ನಿಂತು ನೀರು ಮೆತ್ತಗಾಗುತ್ತದೆ, ಅದು ಭಾಂಗ್. ಭರತದ ಹೊತ್ತನ್ನು ಕಂಡುಕೊಳ್ಳಲು ಈ ಕರಾವಳಿಯ ಮರಾಠಿ ಜನರಲ್ಲಿ ಒಂದು ಬಾಯಿಲೆಕ್ಕವಿದೆ: ಅಂದಿನ ತಿಥಿಯ ಮುಕ್ಕಾಲು ಪಾಲು. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು, ಅಂದರೆ ಹಗಲು ಮೂರಕ್ಕೂ ರಾತ್ರಿ ಮೂರಕ್ಕೂ ಸುಮಾರಾಗಿ ತುಂಬು ಭರತ. ಅಷ್ಟಮಿಗೆ ಆರು ಗಂಟೆ. ಅಲ್ಲಿಂದ ಆರು ಗಂಟೆ ಚಿಲ್ಲರೆಗೆ ಪೂರ್ತಿ ಇಳಿತ. ದಿನದಿಂದ ದಿನಕ್ಕೆ ಭರತ ಸುಮಾರು 50 ನಿಮಿಷ ತಡವಾಗುವುದರಿಂದ ಈ ಲೆಕ್ಕ ಹೊಂದುತ್ತದೆ. ಬೇಲಾಪುರ ಖಾಡಿಯ ಒಳಭಾಗದಲ್ಲಿರುವುದರಿಂದ ಇಲ್ಲಿಗೆ ನೀರು ಮುಟ್ಟುವುದು ಇನ್ನೂ ಸ್ವಲ್ಪ ತಡ. ಮಕ್ಕಳನ್ನು ಕರೆದೊಯ್ಯುವಾಗ ಬಾಯಿಲೆಕ್ಕದ ಜೊತೆಗೆ ಅಚ್ಚಾದ ಭರತ-ಇಳಿತದ ಪಟ್ಟಿಯನ್ನೂ ನೋಡಿಕೊಳ್ಳಬೇಕು.

ಈ ಲೆಕ್ಕದಲ್ಲೇ ನಮಗೆ ಬೇಕಾದ ದಿನ ಸಿಗುತ್ತದೆ. ಸಪ್ತಮಿ, ಅಷ್ಟಮಿ, ನವಮಿಗಳಂದು ಬೆಳಗ್ಗೆ ಏಳರ ಹೊತ್ತಿಗೆ ಖಾಡಿ ತುಂಬಿರುತ್ತದೆ. ಅಲ್ಲಿಂದ ಮಧ್ಯಾಹ್ನದವರೆಗೂ ನಿಧಾನವಾಗಿ ಇಳಿಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಈ ಖಾಡಿ ನದಿಯೇ ಎಂದು ಕೇಳಿದರೆ ಅರ್ಧ ಹೌದು. ಮಾಥೇರಾನ್ ಬೆಟ್ಟದ ಕಡೆಯಿಂದ ಇಳಿದು ಪನ್ವೇಲ್ ಹಾದು ಬರುವ ಗಾಢಿ ನದಿ ಇಲ್ಲಿ ಉಪ್ಪುನೀರಿಗೆ ಸೇರುತ್ತದೆ. ನಮ್ಮ ಉಡುಪಿ, ಕುಂದಾಪುರದವರಿಗೆ ಅಳಿವೆಯ ಪರಿಚಯ ಇದ್ದೇ ಇದೆ, ಕಾಂಡ್ಲ ಗಿಡವೂ ಹೊಸದಲ್ಲ. ಆದರೆ ಅದನ್ನು ಬರೆಯಲು ಕುಳಿತಾಗಲೇ ನಾವು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲವೆಂದು ತಿಳಿಯುವುದು. ದೂರಕ್ಕೆ ಒಂದೇ ಹಸಿರು ಗೋಡೆ. ಹತ್ತಿರ ಕುಳಿತರೆ ಎಲೆಯ ಮೇಲ್ಮೈ ಹೊಳೆಯುವ ಹಸಿರು, ಅಡಿಭಾಗ ಬೂದಿ ಬಣ್ಣ. ಗಾಳಿ ಬೀಸಿದಾಗ ಇಡೀ ದಂಡೆ ಒಮ್ಮೆಲೇ ಬೆಳ್ಳಗಾಗಿ ಮತ್ತೆ ಹಸಿರಾಗುತ್ತದೆ. ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಬುಡದಲ್ಲಿ ಕೆಸರಿನಿಂದ ಮೇಲೆದ್ದ ನೂರಾರು ಉಸಿರುಬೇರುಗಳು, ಪೆನ್ಸಿಲ್ ನೆಟ್ಟಂತೆ. ಗಾಳಿಯಾಡದ ಕೆಸರಿನಲ್ಲಿ ಮರ ಉಸಿರಾಡುವುದು ಅವುಗಳ ಮೂಲಕವೇ. ಅವುಗಳನ್ನು ಎಣಿಸಿ ಬರೆಯಲು ಹೋಗಬೇಡಿ. ನಾಲ್ಕನ್ನು ನಿಜವಾಗಿ ನೋಡಿ ಬರೆದರೆ ಉಳಿದವನ್ನು ನೋಡುವವರ ಕಣ್ಣು ತುಂಬಿಸಿಕೊಳ್ಳುತ್ತದೆ.

ಕುಳಿತ ತಕ್ಷಣ ಮಾಡಬೇಕಾದ ಮೊದಲ ಕೆಲಸ ನೀರಿನ ಗೆರೆಯನ್ನು ಎಳೆದು, ಪಕ್ಕದಲ್ಲಿ ಗಂಟೆ ಬರೆಯುವುದು. ನೀರು ಇಳಿಯುತ್ತಾ ಹೋದಂತೆ ಅದರ ಬೆನ್ನು ಹತ್ತಬಾರದು. ಏಳೂವರೆಯ ನೀರನ್ನು ಹಿಡಿದಿದ್ದರೆ ಕೊನೆಯವರೆಗೂ ಏಳೂವರೆಯೇ. ಕೆಸರಿಗೆ ಕಪ್ಪು ಹಾಕುವುದು ಎಲ್ಲರೂ ಮಾಡುವ ತಪ್ಪು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿ ನೋಡಿ, ಬೇಲಾಪುರದ ಕೆಸರು ಅಲ್ಲೇ ಇದೆ. ಬಣ್ಣ ಕಲಸಲು ಮನೆಯಿಂದಲೇ ಸಿಹಿನೀರು ತನ್ನಿ, ಕುಂಚ ತೊಳೆದ ನೀರನ್ನು ಖಾಡಿಗೆ ಚೆಲ್ಲದೆ ಬಾಟಲಿಯಲ್ಲಿ ವಾಪಸ್ ಒಯ್ಯಿರಿ. ಅಲ್ಲಿಯ ಮೀನು, ಏಡಿ ಕೋಳಿವಾಡದ ಜನರ ಅನ್ನ. ಅವರ ದೋಣಿಯ ಮುಂದೆ ಕೂರುವ ಮೊದಲು ಒಂದು ಮಾತು ಕೇಳಿ ಕೂರುವುದೂ ಮರ್ಯಾದೆ.

ಬಯಲಲ್ಲಿ ಕುಳಿತು ಬರೆಯುವ ರೂಢಿ ನಮ್ಮವರಿಗೆ ಹೊಸದಲ್ಲ. ಸ್ವಾತಂತ್ರ್ಯ ಹೋರಾಟದಿಂದ ಕುಂಚಕ್ಕೆ ಮರಳಿದ ರುಮಾಲೆ ಚೆನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನು ಅವುಗಳ ಮುಂದೆಯೇ ನಿಂತು ಬರೆದರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದ ಕೆ.ಕೆ. ಹೆಬ್ಬಾರರ ರೇಖೆಗಳನ್ನು ನೋಡಿ: ಕೆಲವೇ ಗೆರೆಗಳಲ್ಲಿ ಒಂದು ಆಕೃತಿ ಎದ್ದು ನಿಲ್ಲುತ್ತದೆ. ಹೊರಡುವ ಹಿಂದಿನ ರಾತ್ರಿ ಮಕ್ಕಳಿಗೆ ಅವನ್ನು ತೋರಿಸಿದರೆ ಅರ್ಧ ಪಾಠ ಮುಗಿದಂತೆ.

ಬಿಸಿಲೇರಿದ ಮೇಲೆ ಸೆಕ್ಟರ್ 8ರ ಆರ್ಟಿಸ್ಟ್ಸ್ ವಿಲೇಜಿನ ನೆರಳಿಗೆ ಹೋಗಬಹುದು. ಅಂಗಳದ ಸುತ್ತ ಮನೆಗಳನ್ನು ಗುಂಪಾಗಿ ಜೋಡಿಸಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ರೂಪಿಸಿದ ಬಡಾವಣೆ ಅದು. ಬಹಳಷ್ಟು ಮನೆಗಳು ಈಗ ರೂಪ ಬದಲಿಸಿವೆ, ಹಳೆಯವು ಕಂಡರೆ ಬಿಡಬೇಡಿ. ಬೇಲಾಪುರ ದೂರವೆನಿಸಿದರೆ ಕಲ್ಯಾಣದವರಿಗೆ ದುರ್ಗಾಡಿ ಕೋಟೆಯ ಕೆಳಗೆ, ಬದಲಾಪುರದವರಿಗೆ ಊರಲ್ಲೇ ಉಲ್ಹಾಸ್ ನದಿಯಿದೆ. ಮಳೆಗಾಲದಲ್ಲಿ ಮಾತ್ರ ಆ ದಡ ಬೇಡವೇ ಬೇಡ. 2019ರ ಜುಲೈನಲ್ಲಿ ಅದೇ ನದಿಯ ನೆರೆ ಬದಲಾಪುರದಾಚೆ ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನೇ ಸುತ್ತುವರಿದು, ಸುಮಾರು ಸಾವಿರ ಪ್ರಯಾಣಿಕರನ್ನು ಹೊರತರಬೇಕಾಗಿ ಬಂತು. ಡಿಸೆಂಬರಿನಿಂದ ಫೆಬ್ರವರಿ ನಮ್ಮ ಕಾಲ. ಥಾಣೆ ಖಾಡಿಗೆ ರಾಜಹಂಸಗಳು ಬಂದಿರುವುದೂ ಆಗಲೇ.

ಇದನ್ನೆಲ್ಲ ಬೇಗ ಬರೆದಿಡಬೇಕೆಂಬ ಅವಸರ ನನಗಿರುವುದು ಒಂದು ಕಾರಣಕ್ಕೆ. ಖಾಡಿಯ ಆಚೆ ದಡದಲ್ಲಿ ಉಲ್ವೆ ಗುಡ್ಡವಿತ್ತು. ವಿಮಾನ ನಿಲ್ದಾಣಕ್ಕಾಗಿ ಅದನ್ನು ಸಿಡಿಸಿ ಸಮತಟ್ಟು ಮಾಡಿದರು, ಉಲ್ವೆ ನದಿಯ ಪಾತ್ರವನ್ನು ತಿರುಗಿಸಿದರು. 2025ರ ಅಕ್ಟೋಬರಿನಲ್ಲಿ ನಿಲ್ದಾಣ ಉದ್ಘಾಟನೆಯಾಯಿತು. ಊರಿಗೆ ಅದು ಬೇಕಿತ್ತು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಗುಡ್ಡವನ್ನು ವರ್ಷಗಟ್ಟಲೆ ರೈಲಿನ ಕಿಟಕಿಯಿಂದ ನೋಡಿದ ನನ್ನ ಪುಸ್ತಕಗಳಲ್ಲಿ ಅದರ ಒಂದು ಗೆರೆಯೂ ಇಲ್ಲ. ಅದರ ತುದಿ ಎತ್ತ ವಾಲಿತ್ತು ಎಂದು ಮಗಳು ಕೇಳಿದರೆ ಖಚಿತವಾಗಿ ಹೇಳಲಾರೆ.

ತಿಂಗಳಿಗೆ ಎರಡು ಅಷ್ಟಮಿ ಬರುತ್ತವೆ. ಸಪ್ತಮಿ, ಅಷ್ಟಮಿ, ನವಮಿಗಳಲ್ಲೊಂದು ಬೀಳುವ ಭಾನುವಾರವನ್ನು ಇವತ್ತೇ ಪಂಚಾಂಗದಲ್ಲಿ ಗುರುತು ಮಾಡಿ. ಒಂದು 4ಬಿ ಪೆನ್ಸಿಲ್, ಅಂಗೈಯಷ್ಟು ಪುಸ್ತಕ, ಟೋಪಿ, ಎರಡು ಬಾಟಲಿ ನೀರು ಸಾಕು. ಏಳು ಗಂಟೆಗೆ ದಡದಲ್ಲಿರಿ.